ಟರ್ಮಿನಲ್‌ನಲ್ಲಿ ಟೇಬಲ್ ರಚನೆಯ ಹುಡುಕಾಟ

ಡೇಟಾಬೇಸ್ ಒಂದರಲ್ಲಿ ಯಾವ ಟೇಬಲ್‌ಗಳಿವೆ, ಒಂದೊಂದರಲ್ಲಿ ಯಾವ ಕಾಲಮ್‌ಗಳಿವೆ, ಅವುಗಳ ನಮೂನೆ ಏನು, ಯಾವ ಟೇಬಲ್ ಯಾವುದಕ್ಕೆ ಕೊಂಡಿ ಹಾಕಿಕೊಂಡಿದೆ ಎಂಬುದನ್ನು ಟರ್ಮಿನಲ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಪತ್ತೆಹಚ್ಚುವ ಕೆಲಸ. ಗ್ರಾಹಕರೊಬ್ಬರ ಮೊಬೈಲ್ ಸಂಖ್ಯೆ ಎಷ್ಟು ಎಂದು ಕೇಳುವುದು ಸಾಮಾನ್ಯ ಕ್ವೆರಿ; ಮೊಬೈಲ್ ಸಂಖ್ಯೆಯನ್ನು ಇಟ್ಟಿರುವುದು ಯಾವ ಟೇಬಲ್‌ನ ಯಾವ ಕಾಲಮ್‌ನಲ್ಲಿ ಎಂದು ಕೇಳುವುದು ರಚನೆಯ ಹುಡುಕಾಟ. ಹತ್ತು ಟೇಬಲ್ ಇರುವ ಕಡೆ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಸಾಕು. ನಾನೂರು ಟೇಬಲ್ ಇದ್ದು, ಅವನ್ನು ಕಟ್ಟಿದವರೆಲ್ಲ ಕೆಲಸ ಬಿಟ್ಟು ಹೋಗಿದ್ದರೆ ಕಣ್ಣು ಸೋಲುತ್ತದೆ. ಈ ಲೇಖನದಲ್ಲಿ ಕಮಾಂಡ್‌ಗಳನ್ನೂ ಕಾಲಮ್‌ಗಳ ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ರಚನೆಯೂ ಒಂದು ಟೇಬಲ್

ಈ ಹುಡುಕಾಟ ಸಾಧ್ಯವಾಗಿರುವುದು ಒಂದು ಹಳೆಯ ತೀರ್ಮಾನದಿಂದ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಎಫ್. ಕಾಡ್ 1970ರಲ್ಲಿ ಸಂಬಂಧಾತ್ಮಕ (ರಿಲೇಶನಲ್) ಮಾದರಿಯನ್ನು ಮಂಡಿಸಿದರು. ಮುಂದೆ 1985ರಲ್ಲಿ, ಯಾವುದನ್ನು ನಿಜವಾದ ರಿಲೇಶನಲ್ ಡೇಟಾಬೇಸ್ ಎನ್ನಬಹುದು ಎಂಬುದಕ್ಕೆ ನಿಯಮಗಳನ್ನು ಪಟ್ಟಿ ಮಾಡಿದರು. ಅವು ‘ಹನ್ನೆರಡು ನಿಯಮ’ಗಳೆಂದು ಹೆಸರಾಗಿವೆ, ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ನಿಜಕ್ಕೂ ಹದಿಮೂರು. ಅವುಗಳಲ್ಲಿ ನಾಲ್ಕನೆಯದು ಹೇಳುವುದು ಇಷ್ಟು: ಡೇಟಾಬೇಸ್‌ನ ವಿವರಣೆಯನ್ನೂ ಉಳಿದ ಮಾಹಿತಿಯಂತೆಯೇ ಇಡಬೇಕು, ಅನುಮತಿ ಇದ್ದವರು ಮಾಹಿತಿಯನ್ನು ಕೇಳುವ ಭಾಷೆಯಲ್ಲೇ ಅದನ್ನೂ ಕೇಳುವಂತಿರಬೇಕು. ಎಂದರೆ ಟೇಬಲ್‌ಗಳ ಪಟ್ಟಿ ಒಂದು ಟೇಬಲ್, ಕಾಲಮ್‌ಗಳ ಪಟ್ಟಿ ಇನ್ನೊಂದು ಟೇಬಲ್. ಇವೆಲ್ಲ ಸೇರಿದ ಕಟ್ಟನ್ನು ಸಿಸ್ಟಂ ಕ್ಯಾಟಲಾಗ್ ಎನ್ನುತ್ತಾರೆ. ಡೇಟಾ ಡಿಕ್ಷನರಿ ಎಂಬ ಹೆಸರೂ ಇದೆ.

ತಯಾರಕರು ಇದನ್ನು ಪಾಲಿಸಿದರು, ಆದರೆ ತಮಗೆ ತೋಚಿದ ಹೆಸರಿಟ್ಟುಕೊಂಡರು. ಎಲ್ಲರಿಗೂ ಒಂದೇ ವೇಷ ತೊಡಿಸಲು 1992ರ ಎಸ್‌ಕ್ಯೂಎಲ್ ಮಾನಕ ‘ಇನ್ಫರ್ಮೇಶನ್_ಸ್ಕೀಮಾ’ ಎಂಬ ಗುಂಪನ್ನು ಗೊತ್ತುಪಡಿಸಿತು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಇದನ್ನು ಒಪ್ಪಿಕೊಂಡಿವೆ. ಒರಾಕಲ್‌ನಲ್ಲಾಗಲಿ ಎಸ್‌ಕ್ಯೂಲೈಟ್‌ನಲ್ಲಾಗಲಿ ಇದು ಇಲ್ಲ.

ಟರ್ಮಿನಲ್‌ನಲ್ಲಿ ಬಳಸುವ ಗಿಡ್ಡ ಕಮಾಂಡ್‌ಗಳೆಲ್ಲ ಈ ಕ್ಯಾಟಲಾಗ್‌ಗೆ ತೊಡಿಸಿದ ಮುಖವಾಡಗಳು. ಮುಖವಾಡ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಹಿಂದಿರುವ ಟೇಬಲ್‌ಗಳ ತರ್ಕ ಬಹುಮಟ್ಟಿಗೆ ಒಂದೇ. ಹುಡುಕಾಟವನ್ನು ಕಲಿಯುವವರು ಕಮಾಂಡ್‌ಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಕ್ಯಾಟಲಾಗನ್ನು ಒಮ್ಮೆ ಓದಿಕೊಳ್ಳುವುದು ಲಾಭ.

ಪೋಸ್ಟ್‌ಗ್ರೆಸ್

ಪೋಸ್ಟ್‌ಗ್ರೆಸ್‌ನ ಟರ್ಮಿನಲ್ ತಂತ್ರಾಂಶದ ಹೆಸರು ಪಿಎಸ್‌ಕ್ಯೂಎಲ್. ರಚನೆ ನೋಡುವ ವಿಷಯದಲ್ಲಿ ಇದರಷ್ಟು ಹದವಾದ ಸಾಧನ ಇನ್ನೊಂದಿಲ್ಲ ಎನ್ನುವವರಿದ್ದಾರೆ. ಬ್ಯಾಕ್‌ಸ್ಲ್ಯಾಶ್ ಹಾಕಿ ‘ಡಿ’ ಒತ್ತಿ ಟೇಬಲ್‌ನ ಹೆಸರು ಕೊಟ್ಟರೆ ಕಾಲಮ್‌ಗಳು, ಇಂಡೆಕ್ಸ್‌ಗಳು, ಈ ಟೇಬಲ್ ಯಾವುದನ್ನು ಅವಲಂಬಿಸಿದೆ, ಯಾವುದು ಇದನ್ನು ಅವಲಂಬಿಸಿದೆ ಎಲ್ಲವೂ ಒಂದೇ ಪರದೆಯಲ್ಲಿ ಬರುತ್ತವೆ. ‘ಡಿಟಿ’ ಎಂದರೆ ಟೇಬಲ್‌ಗಳ ಪಟ್ಟಿ, ‘ಡಿಎನ್’ ಸ್ಕೀಮಾ ಎಂಬ ಟೇಬಲ್ ಗುಂಪುಗಳದು, ‘ಡಿಎಫ್’ ಫಂಕ್ಷನ್‌ಗಳದು. ಕೊನೆಗೊಂದು ಪ್ಲಸ್ ಚಿಹ್ನೆ ಸೇರಿಸಿದರೆ ವಿವರ ಹೆಚ್ಚುತ್ತದೆ. ಕಾಲಮ್‌ಗೆ ಯಾರಾದರೂ ಪುಣ್ಯಾತ್ಮರು ಟಿಪ್ಪಣಿ ಬರೆದಿಟ್ಟಿದ್ದರೆ ಅದೂ ಕಾಣುತ್ತದೆ.

ಈ ಕಮಾಂಡ್‌ಗಳಿಗೆ ನಕ್ಷತ್ರ ಚಿಹ್ನೆ, ಪ್ರಶ್ನೆ ಚಿಹ್ನೆಗಳನ್ನು ಬಳಸಿ ಹೆಸರಿನ ತುಣುಕನ್ನೂ ಕೊಡಬಹುದು. ಹೊಸಬರು ಎಡವುವುದು ಇಲ್ಲೇ. ಬರಿಯ ‘ಡಿಟಿ’ ತೋರಿಸುವುದು ಹುಡುಕುಪಥದಲ್ಲಿ, ಎಂದರೆ ಹೆಸರು ಹುಡುಕಲು ಪೋಸ್ಟ್‌ಗ್ರೆಸ್ ನೋಡುವ ಪಟ್ಟಿಯಲ್ಲಿ, ಇರುವ ಸ್ಕೀಮಾಗಳ ಟೇಬಲ್‌ಗಳನ್ನು ಮಾತ್ರ. ಬೇರೆ ಸ್ಕೀಮಾದಲ್ಲಿ ಟೇಬಲ್ ಇದ್ದರೂ ಪಟ್ಟಿಯಲ್ಲಿ ಬರುವುದಿಲ್ಲ, ‘ಟೇಬಲ್ಲೇ ಇಲ್ಲ’ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ನಕ್ಷತ್ರ, ಚುಕ್ಕಿ, ಮತ್ತೆ ನಕ್ಷತ್ರ ಹಾಕಿದರೆ ಎಲ್ಲ ಸ್ಕೀಮಾಗಳೂ ಹೊರಬರುತ್ತವೆ. ಎರಡನೆಯ ತೊಡಕು ದೊಡ್ಡಕ್ಷರದ್ದು: ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸಿಕೊಳ್ಳುತ್ತದೆ. ಟೇಬಲ್ ಕಟ್ಟುವಾಗ ದೊಡ್ಡಕ್ಷರವನ್ನು ಉದ್ಧರಣದೊಳಗೆ ಇಟ್ಟಿದ್ದರೆ, ಹುಡುಕುವಾಗಲೂ ಉದ್ಧರಣ ಹಾಕಲೇಬೇಕು.

ಇಷ್ಟೆಲ್ಲ ಕೊಟ್ಟ ಪಿಎಸ್‌ಕ್ಯೂಎಲ್ ಒಂದನ್ನು ಕೊಟ್ಟಿಲ್ಲ: ಕಾಲಮ್‌ನ ಹೆಸರಿಂದ ಟೇಬಲ್ ಹುಡುಕುವ ಗಿಡ್ಡ ಕಮಾಂಡ್. ದಿನನಿತ್ಯ ಬೇಕಾಗುವುದು ಅದೇ. ಅದಕ್ಕೆ ಕ್ಯಾಟಲಾಗ್ ಬಾಗಿಲನ್ನೇ ತಟ್ಟಬೇಕು:

ಸೆಲೆಕ್ಟ್ ಟೇಬಲ್_ಸ್ಕೀಮಾ, ಟೇಬಲ್_ನೇಮ್, ಕಾಲಮ್_ನೇಮ್ ಫ್ರಮ್ ಇನ್ಫರ್ಮೇಶನ್_ಸ್ಕೀಮಾ.ಕಾಲಮ್ಸ್ ವೇರ್ ಕಾಲಮ್_ನೇಮ್ ಐಲೈಕ್ '%ಮೊಬೈಲ್%';

‘ಐಲೈಕ್’ ಎಂಬುದು ಅಕ್ಷರಗಳ ದೊಡ್ಡಸಣ್ಣ ನೋಡದೆ ಹೋಲಿಸುವ ಪೋಸ್ಟ್‌ಗ್ರೆಸ್‌ನದೇ ಪದ. ಈ ಕ್ವೆರಿಗೆ ಎರಡು ಕುರುಡು ಜಾಗಗಳಿವೆ. ಬಳಕೆದಾರರಿಗೆ ಹಕ್ಕಿಲ್ಲದ ಕಾಲಮ್‌ಗಳನ್ನು ಇದು ತೋರಿಸುವುದಿಲ್ಲ. ಮೆಟೀರಿಯಲೈಸ್ಡ್ ವ್ಯೂ ಎಂಬುದು ಮಾನಕದಲ್ಲಿ ಇಲ್ಲವಾದ್ದರಿಂದ ಅದರ ಕಾಲಮ್‌ಗಳೂ ಇಲ್ಲಿ ಸಿಗುವುದಿಲ್ಲ. ಎರಡೂ ಬೇಕೆಂದರೆ ಇನ್ನೊಂದು ಮೆಟ್ಟಿಲು ಇಳಿದು ‘ಪಿಜಿ_ಅಟ್ರಿಬ್ಯೂಟ್’ ಮತ್ತು ‘ಪಿಜಿ_ಕ್ಲಾಸ್’ ಎಂಬ ಮೂಲ ಟೇಬಲ್‌ಗಳನ್ನು ಜೋಡಿಸಬೇಕು. ಅಲ್ಲಿ ಕಸವೂ ಸಿಗುತ್ತದೆ. ಪ್ರತಿ ಟೇಬಲ್‌ಗೂ ವ್ಯವಸ್ಥೆಯೇ ಸೇರಿಸಿಕೊಂಡ ಗುಪ್ತ ಕಾಲಮ್‌ಗಳು ಋಣ ಸಂಖ್ಯೆ ಹೊತ್ತು ಕುಳಿತಿರುತ್ತವೆ. ಅಳಿಸಿದ ಕಾಲಮ್ ಕೂಡ ಪೂರ್ತಿ ಹೋಗುವುದಿಲ್ಲ. ಹೆಸರು ಕಳೆದುಕೊಂಡು, ಎರಡೂ ಬದಿಗೆ ಚುಕ್ಕಿಗಳ ಸಾಲು, ನಡುವೆ ‘ಪಿಜಿ.ಡ್ರಾಪ್ಡ್’ ಎಂಬ ಪಟ್ಟಿ ಹಾಗೂ ತನ್ನ ಕ್ರಮಸಂಖ್ಯೆ ಧರಿಸಿ ಅಲ್ಲೇ ಉಳಿದಿರುತ್ತದೆ. ಕ್ರಮಸಂಖ್ಯೆ ಸೊನ್ನೆಗಿಂತ ಹೆಚ್ಚಿರಲಿ, ಅಳಿಸಿದ ಗುರುತು ಇಲ್ಲದಿರಲಿ ಎಂಬ ಎರಡು ಷರತ್ತು ಹಾಕಿದರೆ ಇವು ದೂರವಾಗುತ್ತವೆ.

ಇದನ್ನೆಲ್ಲ ಕಲಿಸುವ ಗುರು ಪಿಎಸ್‌ಕ್ಯೂಎಲ್‌ನೊಳಗೇ ಇದೆ. ಅದನ್ನು ಅಡ್ಡಗೆರೆ ಮತ್ತು ದೊಡ್ಡಕ್ಷರದ ‘ಇ’ ಎಂಬ ಆಯ್ಕೆಯೊಂದಿಗೆ ಶುರುಮಾಡಿದರೆ, ಪ್ರತಿ ಗಿಡ್ಡ ಕಮಾಂಡ್‌ನ ಹಿಂದೆ ಅದು ಸರ್ವರ್‌ಗೆ ಕಳಿಸಿದ ನಿಜವಾದ ಕ್ವೆರಿಯನ್ನು ಮುದ್ರಿಸುತ್ತದೆ. ಅದನ್ನು ನಕಲು ಮಾಡಿ, ಬೇಕಾದಂತೆ ತಿದ್ದಿ, ಸ್ವಂತದ್ದೊಂದು ಹುಡುಕು ಕ್ವೆರಿ ಮಾಡಿಕೊಳ್ಳಬಹುದು. ಪೋಸ್ಟ್‌ಗ್ರೆಸ್ ಕ್ಯಾಟಲಾಗ್ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೈಎಸ್‌ಕ್ಯೂಎಲ್, ಮರಿಯಾಡಿಬಿ

ಇಲ್ಲಿನ ಮುಖವಾಡಗಳು ಮಾತಿನಂತಿವೆ: ‘ಶೋ ಟೇಬಲ್ಸ್’, ‘ಡಿಸ್ಕ್ರೈಬ್’, ‘ಶೋ ಕ್ರಿಯೇಟ್ ಟೇಬಲ್’. ಕೊನೆಯದು ಟೇಬಲನ್ನು ಮತ್ತೆ ಕಟ್ಟಲು ಬೇಕಾದ ಪೂರ್ಣ ಆದೇಶವನ್ನೇ ಕೊಡುತ್ತದೆ. ಉತ್ತರ ಅಗಲವಾಗಿ ಪರದೆ ದಾಟಿದರೆ, ಅರ್ಧವಿರಾಮದ ಬದಲು ಬ್ಯಾಕ್‌ಸ್ಲ್ಯಾಶ್ ಮತ್ತು ದೊಡ್ಡಕ್ಷರದ ‘ಜಿ’ ಹಾಕಿ ಉದ್ದುದ್ದಕ್ಕೆ ಪಡೆಯಬಹುದು.

ಇನ್ಫರ್ಮೇಶನ್_ಸ್ಕೀಮಾ ಮೈಎಸ್‌ಕ್ಯೂಎಲ್‌ಗೆ ಬಂದದ್ದು 2005ರ 5.0 ಆವೃತ್ತಿಯಲ್ಲಿ. ಬಹುಕಾಲ ಅದು ಆಮೆಯಂತೆ ತೆವಳುತ್ತಿತ್ತು. ಆಗ ಪ್ರತಿ ಟೇಬಲ್‌ನ ರಚನೆ ಡಿಸ್ಕ್‌ನಲ್ಲಿ ‘ಎಫ್‌ಆರ್‌ಎಂ’ ಎಂಬ ಪ್ರತ್ಯೇಕ ಕಡತದಲ್ಲಿರುತ್ತಿತ್ತು. ಕ್ಯಾಟಲಾಗ್‌ಗೆ ಪ್ರಶ್ನೆ ಕೇಳಿದಾಗ ಸರ್ವರ್ ಡೈರೆಕ್ಟರಿಗಳನ್ನು ಜಾಲಾಡಿ ಕಡತಗಳನ್ನು ಒಂದೊಂದಾಗಿ ತೆರೆಯಬೇಕಿತ್ತು. 2018ರ 8.0 ಆವೃತ್ತಿ ಆ ಕಡತಗಳನ್ನು ಕೈಬಿಟ್ಟು ಇಡೀ ಡಿಕ್ಷನರಿಯನ್ನು ಇನ್ನೋಡಿಬಿ ಎಂಬ ತನ್ನ ಸಂಗ್ರಹ ಎಂಜಿನ್‌ನ ಟೇಬಲ್‌ಗಳೊಳಗೆ ತಂದಿತು. ಕಾಡ್ ಹೇಳಿದ್ದನ್ನು ಅಕ್ಷರಶಃ ಪಾಲಿಸಲು ಮೈಎಸ್‌ಕ್ಯೂಎಲ್‌ಗೆ ಇಷ್ಟು ವರ್ಷ ಹಿಡಿಯಿತು ಎನ್ನಬಹುದು. ಅದರ ಸೋದರ ಮರಿಯಾಡಿಬಿ ಮಾತ್ರ ಎಫ್‌ಆರ್‌ಎಂ ಕಡತಗಳನ್ನು ಉಳಿಸಿಕೊಂಡಿದೆ. ಹಾಗಾಗಿ ಅಲ್ಲಿ ಹಳೆಯ ಎಚ್ಚರ ಇನ್ನೂ ಸಲ್ಲುತ್ತದೆ: ವೇರ್ ಭಾಗದಲ್ಲಿ ಡೇಟಾಬೇಸ್‌ನ ಹೆಸರನ್ನು, ಗೊತ್ತಿದ್ದರೆ ಟೇಬಲ್‌ನ ಹೆಸರನ್ನೂ, ನೇರವಾಗಿ ಬರೆಯಬೇಕು. ಆಗ ಸರ್ವರ್ ಬೇರೆ ಡೈರೆಕ್ಟರಿಗಳ ಗೋಜಿಗೆ ಹೋಗುವುದಿಲ್ಲ.

ಟರ್ಮಿನಲ್ ತೆರೆದು ಡೇಟಾಬೇಸ್ ಆರಿಸಿದ ಕೂಡಲೇ, ಹೆಸರುಗಳ ಪೂರ್ಣಗೊಳಿಕೆಗಾಗಿ ಟೇಬಲ್ ಮಾಹಿತಿ ಓದುತ್ತಿದ್ದೇನೆ, ಬೇಡವಾದರೆ ದೊಡ್ಡಕ್ಷರದ ‘ಎ’ ಆಯ್ಕೆ ಬಳಸಿ ಎಂಬ ಸಂದೇಶ ಬರುವುದುಂಟು. ಸಾವಿರಾರು ಟೇಬಲ್ ಇರುವ ಕಡೆ ಆ ಸಲಹೆಯನ್ನು ಕೇಳುವುದೇ ಒಳಿತು.

ಕನ್ನಡ ವಿಕಿಪೀಡಿಯದ ಡೇಟಾಬೇಸ್: ಒಂದು ಹತ್ತಿರದ ನೋಟ

ಅಭ್ಯಾಸಕ್ಕೆ ಯಾರ ಕಚೇರಿಯ ಡೇಟಾಬೇಸೂ ಬೇಕಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಡೇಟಾಬೇಸ್‌ನ ಪ್ರತಿಯನ್ನು ವಿಕಿಮೀಡಿಯ ಪ್ರತಿಷ್ಠಾನವು ಟೂಲ್‌ಫೋರ್ಜ್ ಎಂಬ ವೇದಿಕೆಯಲ್ಲಿ ನೋಂದಾಯಿತ ಸ್ವಯಂಸೇವಕರಿಗೆ ಓದಲು ಬಿಟ್ಟಿದೆ. ಅಲ್ಲಿ ಅದರ ಹೆಸರು ‘ಕೆಎನ್‌ವಿಕಿ_ಪಿ’. ನಡೆಯುವುದು ಮರಿಯಾಡಿಬಿ ಮೇಲೆ. ಒಂದು ಸರ್ವರ್‌ನಲ್ಲಿ ಹಲವು ಭಾಷೆಗಳ ವಿಕಿಗಳು ಒಟ್ಟಿಗಿರುವುದರಿಂದ, ಡೇಟಾಬೇಸ್ ಹೆಸರು ಬರೆಯದೆ ಕ್ಯಾಟಲಾಗ್‌ಗೆ ಪ್ರಶ್ನೆ ಕೇಳುವುದು ಅಲ್ಲಿ ನಿಜಕ್ಕೂ ದುಬಾರಿ.

ಶೀರ್ಷಿಕೆಗಳು ಎಲ್ಲೆಲ್ಲಿವೆ ಎಂದು ತಿಳಿಯಬೇಕೆನ್ನಿ. ಕಾಲಮ್‌ಗಳ ಪಟ್ಟಿಯಲ್ಲಿ '%ಟೈಟಲ್%' ಎಂದು ಹುಡುಕಿದರೆ ‘ಪೇಜ್_ಟೈಟಲ್’, ‘ಎಆರ್_ಟೈಟಲ್’, ‘ಲಾಗ್_ಟೈಟಲ್’, ‘ಆರ್‌ಸಿ_ಟೈಟಲ್’, ‘ಎಲ್‌ಟಿ_ಟೈಟಲ್’ ಮೊದಲಾದವು ಸಾಲಾಗಿ ಬರುತ್ತವೆ. ಹೆಸರಿನ ಮೊದಲ ಚೂರು ಟೇಬಲ್‌ನ ಗುರುತು: ‘ಎಆರ್’ ಎಂದರೆ ಅಳಿಸಿದ ಪುಟಗಳ ಆರ್ಕೈವ್, ‘ಆರ್‌ಸಿ’ ಎಂದರೆ ಇತ್ತೀಚಿನ ಬದಲಾವಣೆಗಳು, ‘ಎಲ್‌ಟಿ’ ಎಂದರೆ ಕೊಂಡಿಗಳ ಗುರಿ. ಮೀಡಿಯಾವಿಕಿ ತಂತ್ರಾಂಶ ಕಟ್ಟಿದವರು ಪ್ರತಿ ಕಾಲಮ್‌ಗೂ ಮನೆತನದ ಹೆಸರಿನಂತೆ ಟೇಬಲ್‌ನ ಸಂಕ್ಷೇಪವನ್ನು ಅಂಟಿಸಿದ್ದಾರೆ. ಬರೆಯುವಾಗ ಬೇಸರ ತರುವ ಈ ಪದ್ಧತಿ ಹುಡುಕುವಾಗ ವರ.

ಒಮ್ಮೆ ಹುಡುಕಿ ಬರೆದಿಟ್ಟುಕೊಂಡದ್ದು ಎಂದೆಂದಿಗೂ ನಿಜವಲ್ಲ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. ಪುಟಗಳ ನಡುವಿನ ಕೊಂಡಿಗಳ ಟೇಬಲ್‌ನಲ್ಲೇ ಹಿಂದೆ ಗುರಿಯ ಶೀರ್ಷಿಕೆ ಇರುತ್ತಿತ್ತು. ಈಗ ಅಲ್ಲಿ ಬರಿಯ ಸಂಖ್ಯೆ ಉಳಿದು, ಶೀರ್ಷಿಕೆ ಕೊಂಡಿಗುರಿಗಳ ಟೇಬಲ್‌ಗೆ ವಲಸೆ ಹೋಗಿದೆ. ಹಳೆಯ ಕ್ವೆರಿ ನೆಚ್ಚಿಕೊಂಡವರಿಗೆ ‘ಅಂಥ ಕಾಲಮ್ ಇಲ್ಲ’ ಎಂಬ ಉತ್ತರ.

‘ಡಿಸ್ಕ್ರೈಬ್ ಪೇಜ್’ ಎಂದರೆ ಪೇಜ್_ಟೈಟಲ್‌ನ ನಮೂನೆ ‘ವಾರ್‌ಬೈನರಿ 255’ ಎಂದು ಕಾಣುತ್ತದೆ. ಈ ಒಂದು ಸಾಲು ಓದಿದವರಿಗೆ ಕನ್ನಡದ ಮಟ್ಟಿಗೆ ಎರಡು ಸಂಗತಿ ಹೊಳೆಯಬೇಕು. 255 ಎಂಬುದು ಅಕ್ಷರಗಳ ಲೆಕ್ಕವಲ್ಲ, ಬೈಟ್‌ಗಳದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ, ಸ್ವರಚಿಹ್ನೆ, ಅನುಸ್ವಾರ, ಹಲಂತ ಚಿಹ್ನೆಗೂ ಸೇರಿ, 3 ಬೈಟ್ ಬೇಕು. ‘ಕುವೆಂಪು’ ಎಂಬ ಶೀರ್ಷಿಕೆ ಕಣ್ಣಿಗೆ ಮೂರಕ್ಷರವಾದರೂ ಸಂಕೇತಗಳು 7, ಬೈಟ್‌ಗಳು 21. ಇಂಗ್ಲಿಷ್ ಶೀರ್ಷಿಕೆಗೆ 255 ಅಕ್ಷರಗಳ ಜಾಗವಿದ್ದರೆ ಕನ್ನಡಕ್ಕೆ 85 ಸಂಕೇತಗಳದು. ಎರಡನೆಯದು, ಬೈನರಿ ಕಾಲಮ್‌ನ ಮೇಲೆ ‘ಲೈಕ್’ ಬಳಸುವಾಗ ಅಡಿಗೆರೆ ಒಂದು ಬೈಟ್‌ಗೆ ಮಾತ್ರ ಹೊಂದುತ್ತದೆ. ಕನ್ನಡದ ಒಂದು ಸಂಕೇತದ ಜಾಗ ಖಾಲಿ ಬಿಡಲು ಮೂರು ಅಡಿಗೆರೆ ಹಾಕಬೇಕು.

ಈ ಪ್ರತಿಯಲ್ಲಿ ಸಿಗುವುದು ವ್ಯೂಗಳೇ ಹೊರತು ಮೂಲ ಟೇಬಲ್‌ಗಳಲ್ಲ. ಖಾಸಗಿ ಕಾಲಮ್‌ಗಳನ್ನು ಮರೆಮಾಡಿರುತ್ತಾರೆ, ಇಂಡೆಕ್ಸ್‌ಗಳೂ ಕಾಣುವುದಿಲ್ಲ. ಯಾವ ಕಾಲಮ್‌ನ ಮೇಲೆ ಹುಡುಕಿದರೆ ಬೇಗ ಉತ್ತರ ಬಂದೀತು ಎಂದು ತಿಳಿಯಲು ಮೀಡಿಯಾವಿಕಿಯ ದಾಖಲೆಗಳನ್ನೇ ನೋಡಬೇಕು.

ಎಸ್‌ಕ್ಯೂಲೈಟ್ ಮತ್ತು ಒರಾಕಲ್

ಆಂಡ್ರಾಯ್ಡ್ ಫೋನಿನೊಳಗೆ ಕೂತಿರುವ ಎಸ್‌ಕ್ಯೂಲೈಟ್‌ನ ಕ್ಯಾಟಲಾಗ್ ಒಂದೇ ಟೇಬಲ್: ‘ಎಸ್‌ಕ್ಯೂಲೈಟ್_ಸ್ಕೀಮಾ’. ‘ಎಸ್‌ಕ್ಯೂಲೈಟ್_ಮಾಸ್ಟರ್’ ಎಂಬುದು ಅದರ ಹಳೆಯ ಹೆಸರು, ಈಗಲೂ ನಡೆಯುತ್ತದೆ. ಟೇಬಲ್ ಕಟ್ಟಿದ ಆದೇಶದ ಪಠ್ಯವನ್ನೇ ಅದು ಇಟ್ಟುಕೊಂಡಿರುತ್ತದೆ. ಆದೇಶದ ಮಧ್ಯೆ ಬರೆದ ಟಿಪ್ಪಣಿಗಳೂ ಉಳಿದಿರುತ್ತವೆ. ಆ ಪಠ್ಯದ ಮೇಲೆ ‘ಲೈಕ್’ ಹಾಕಿದರೆ ಹುಡುಕಾಟ ಮುಗಿಯಿತು. ಚುಕ್ಕಿಯಿಂದ ಶುರುವಾಗುವ ‘.ಟೇಬಲ್ಸ್’, ‘.ಸ್ಕೀಮಾ’ ಕಮಾಂಡ್‌ಗಳೂ ಇವೆ.

ಒರಾಕಲ್‌ನಲ್ಲಿ ‘ಯೂಸರ್_ಟ್ಯಾಬ್_ಕಾಲಮ್ಸ್’, ‘ಆಲ್_ಟ್ಯಾಬ್_ಕಾಲಮ್ಸ್’, ‘ಡಿಬಿಎ_ಟ್ಯಾಬ್_ಕಾಲಮ್ಸ್’ ಎಂದು ಮೂರು ಹಂತ: ನನ್ನವು, ನನಗೆ ಕಾಣುವವು, ಎಲ್ಲವೂ. ಇಲ್ಲಿ ಉದ್ಧರಣವಿಲ್ಲದ ಹೆಸರು ದೊಡ್ಡಕ್ಷರಕ್ಕೆ ಏರುತ್ತದೆ, ಪೋಸ್ಟ್‌ಗ್ರೆಸ್‌ಗೆ ತದ್ವಿರುದ್ಧ. ಸಣ್ಣಕ್ಷರದಲ್ಲಿ ಹುಡುಕಿ ಬರಿಗೈಯಲ್ಲಿ ಮರಳುವವರು ಹಲವರು.

ಕಡತ ಮಾಡಿಕೊಂಡು ಹುಡುಕುವುದು

ದಿನಕ್ಕೆ ಹತ್ತಾರು ಬಾರಿ ಹುಡುಕುವವರಿಗೆ ಕ್ವೆರಿಗಿಂತ ಸಲೀಸಾದ ಉಪಾಯವೊಂದಿದೆ. ಪಿಜಿ_ಡಂಪ್‌ಗೆ ಸ್ಕೀಮಾ ಮಾತ್ರ ಸಾಕೆಂದೋ, ಮೈಎಸ್‌ಕ್ಯೂಎಲ್‌ಡಂಪ್‌ಗೆ ಡೇಟಾ ಬೇಡವೆಂದೋ ಹೇಳಿದರೆ ರಚನೆಯೆಲ್ಲ ಪಠ್ಯ ಕಡತವಾಗಿ ಇಳಿಯುತ್ತದೆ. ಅದರ ಮೇಲೆ ಸಾಲು ಹುಡುಕುವ ‘ಗ್ರೆಪ್’ ಓಡಿಸುವುದು ಬಹುಜನರ ರೂಢಿ. ಇದರಲ್ಲಿ ಒಂದು ಕೊರತೆ ಇದೆ: ಕಾಲಮ್ ಇರುವ ಸಾಲು ಸಿಗುತ್ತದೆ, ಅದು ಯಾವ ಟೇಬಲ್‌ನದು ಎಂಬುದು ಇಪ್ಪತ್ತು ಸಾಲು ಮೇಲಿರುತ್ತದೆ.

ಆದ್ದರಿಂದ ಕ್ಯಾಟಲಾಗ್‌ನಿಂದಲೇ ಸ್ಕೀಮಾ, ಟೇಬಲ್, ಕಾಲಮ್, ನಮೂನೆ ನಾಲ್ಕನ್ನೂ ಚುಕ್ಕಿಯಿಂದ ಜೋಡಿಸಿ, ಒಂದು ಕಾಲಮ್‌ಗೆ ಒಂದು ಸಾಲಿನಂತೆ ಕಡತಕ್ಕೆ ಸುರಿದುಕೊಳ್ಳುವುದು ಉತ್ತಮ. ಸಾಲಿಗೆ 40 ಬೈಟ್ ಎಂದಿಟ್ಟುಕೊಂಡರೂ 50,000 ಕಾಲಮ್‌ಗಳ ಡೇಟಾಬೇಸ್‌ಗೆ ಆಗುವುದು 2 ಮೆಗಾಬೈಟ್ ಮಾತ್ರ. ಗ್ರೆಪ್‌ಗೆ ಅದು ಕಣ್ಣುಮಿಟುಕುವ ಕೆಲಸ. ಅದೇ ಕಡತವನ್ನು ‘ಎಫ್‌ಜೆಡ್‌ಎಫ್’ ಎಂಬ ಸಾಧನಕ್ಕೆ ಉಣಿಸಿದರೆ, ಅಕ್ಷರ ಒತ್ತುತ್ತಿದ್ದಂತೆ ಪಟ್ಟಿ ಕಿರಿದಾಗುತ್ತ ಬರುತ್ತದೆ. ಸರ್ವರ್‌ಗೆ ಭಾರವಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ರಾತ್ರಿ ಒಮ್ಮೆ ಕಡತವನ್ನು ಹೊಸದು ಮಾಡುವ ಏರ್ಪಾಡು ಮಾಡಿಕೊಂಡು ಗಿಟ್‌ನಲ್ಲಿ ಇಟ್ಟರೆ, ಯಾವ ಕಾಲಮ್ ಯಾವಾಗ ಬಂತು, ಯಾವಾಗ ಹೋಯಿತು ಎಂಬ ಇತಿಹಾಸವೂ ತಾನಾಗಿ ಸೇರುತ್ತ ಹೋಗುತ್ತದೆ. ಇಡೀ ಲೇಖನದಲ್ಲಿ ಒಂದೇ ಉಪಾಯ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಬೇಕು.

ಹೆಸರು ಗೊತ್ತಿಲ್ಲದಿದ್ದರೆ

ವೇಗ ಎಷ್ಟಿದ್ದರೂ ಹುಡುಕಬೇಕಾದ ಪದವೇ ತಿಳಿಯದಿದ್ದರೆ ಪ್ರಯೋಜನವಿಲ್ಲ. ಮೊಬೈಲ್ ಸಂಖ್ಯೆಯ ಕಾಲಮ್ ‘ಮೊಬೈಲ್’ ಇರಬಹುದು, ‘ಫೋನ್’, ‘ಕಾಂಟ್ಯಾಕ್ಟ್’, ಇಲ್ಲವೇ ಬರಿಯ ‘ಮೊಬ್’ ಕೂಡ ಇರಬಹುದು. ಎಸ್‌ಎಪಿ ತಂತ್ರಾಂಶದಲ್ಲಿ ಗ್ರಾಹಕರ ಸಂಖ್ಯೆಯ ಕಾಲಮ್ ‘ಕೆಯುಎನ್‌ಎನ್‌ಆರ್’: ಜರ್ಮನ್ ಪದಗಳ ಚೂರು. ‘ಕಸ್ಟಮರ್’ ಎಂದು ಎಷ್ಟು ಹುಡುಕಿದರೂ ಅದು ಸಿಕ್ಕದು. ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದು ಹೆಸರಿಟ್ಟ ಕಡೆ ತೊಡಕು ಇನ್ನೊಂದು ಬಗೆಯದು. ತಾಲ್ಲೂಕು ಎಂಬುದನ್ನು ಒಬ್ಬರು ‘ತಾಲುಕ್’ ಎಂದು, ಇನ್ನೊಬ್ಬರು ‘ತಾಲೂಕಾ’ ಎಂದು, ಮತ್ತೊಬ್ಬರು ‘ಟಿಕ್ಯೂ’ ಎಂದಷ್ಟೇ ಬರೆಯಬಹುದು. ಪೋಸ್ಟ್‌ಗ್ರೆಸ್‌ನ ‘ಪಿಜಿ_ಟಿಆರ್‌ಜಿಎಂ’ ಎಂಬ ಸೇರ್ಪಡೆ ಪದಗಳನ್ನು ಮೂರು ಮೂರು ಅಕ್ಷರಗಳ ತುಣುಕಾಗಿಸಿ ಹೋಲಿಕೆ ಅಳೆಯುತ್ತದೆ. ಮೊದಲೆರಡನ್ನು ಅದು ಹಿಡಿದೀತು, ಮೂರನೆಯದನ್ನು ಹಿಡಿಯದು.

ಹೆಸರು ಕೈಕೊಟ್ಟಾಗ ಉಳಿಯುವ ದಾರಿ ಎರಡು. ಒಂದು, ಕೊಂಡಿಗಳನ್ನು ಹಿಡಿದು ಹೋಗುವುದು: ಗೊತ್ತಿರುವ ಟೇಬಲ್‌ನಿಂದ ಫಾರಿನ್ ಕೀಗಳ ಜಾಡಿನಲ್ಲಿ ನಡೆದರೆ ಅಕ್ಕಪಕ್ಕದವು ಸಿಗುತ್ತವೆ. ಇನ್ನೊಂದು ಟಿಪ್ಪಣಿಗಳು. ಪೋಸ್ಟ್‌ಗ್ರೆಸ್‌ನಲ್ಲಿ ‘ಕಾಮೆಂಟ್ ಆನ್ ಕಾಲಮ್’ ಆದೇಶದಿಂದ ಬರೆದ ಟಿಪ್ಪಣಿಗಳು ‘ಪಿಜಿ_ಡಿಸ್ಕ್ರಿಪ್ಷನ್’ನಲ್ಲಿ, ಮೈಎಸ್‌ಕ್ಯೂಎಲ್‌ನಲ್ಲಿ ‘ಕಾಲಮ್_ಕಾಮೆಂಟ್’ ಎಂಬಲ್ಲಿ ಇರುತ್ತವೆ. ಹೆಸರಿನಂತೆಯೇ ಅವನ್ನೂ ಲೈಕ್ ಹಾಕಿ ಹುಡುಕಬಹುದು, ಕನ್ನಡದಲ್ಲೂ ಬರೆಯಬಹುದು. ಬರೆಯುವವರು ಕಡಿಮೆ ಎಂಬುದಷ್ಟೇ ದುಃಖ.

ಅಡಿಗೆರೆಯ ಬಗ್ಗೆ ಒಂದು ಮಾತು ಬಾಕಿ ಇದೆ. ಲೈಕ್‌ನಲ್ಲಿ ಅದು ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥದ ಚಿಹ್ನೆ. ‘ಯೂಸರ್_ಐಡಿ’ ಎಂದು ಹುಡುಕಿದರೆ ಅಡಿಗೆರೆಯ ಜಾಗದಲ್ಲಿ ಬೇರೇನಿದ್ದರೂ ಹೊಂದಿಬಿಡುತ್ತದೆ. ಕರಾರುವಾಕ್ಕಾಗಿ ಬೇಕೆಂದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗಳಲ್ಲಿ ಅದರ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು.

ಕನ್ನಡ ಲಿಪಿಯ ಹೆಸರುಗಳು

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಟೇಬಲ್, ಕಾಲಮ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಲು ಬಿಡುತ್ತವೆ. ಟರ್ಮಿನಲ್‌ನಲ್ಲಿ ಒತ್ತಕ್ಷರಗಳ ಅಗಲದ ಲೆಕ್ಕ ತಪ್ಪಿ ಗೆರೆಗಳು ಸೊಟ್ಟಗಾಗುವುದು ಸಾಮಾನ್ಯ. ಅದಕ್ಕಿಂತ ಕಾಡುವುದು ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತ. ಕಟ್ಟಿದವರು ಅದನ್ನು ಬಳಸಿದ್ದು, ಹುಡುಕುವವರು ಬಳಸದಿದ್ದರೆ ಎರಡು ಹೆಸರುಗಳು ಹೊಂದುವುದಿಲ್ಲ.

ಉದ್ದದ ಮಿತಿಯೂ ಇದೆ. ಮೈಎಸ್‌ಕ್ಯೂಎಲ್ 64 ಸಂಕೇತಗಳವರೆಗೆ ಒಪ್ಪುತ್ತದೆ. ಪೋಸ್ಟ್‌ಗ್ರೆಸ್ ಮಿತಿ 63 ಬೈಟ್, ಎಂದರೆ ಕನ್ನಡದ 21 ಸಂಕೇತ. ‘ಗ್ರಾಹಕರ_ದೂರವಾಣಿ_ಸಂಖ್ಯೆ’ ಎಂಬ ಹೆಸರಿಗೆ 62 ಬೈಟ್ ಬೇಕು, ಅಂಚಿನಲ್ಲಿ ನಿಲ್ಲುತ್ತದೆ. ‘ಗ್ರಾಹಕರ_ದೂರವಾಣಿ_ಸಂಖ್ಯೆಗಳು’ ಎಂದು ಬಹುವಚನ ಮಾಡಿದರೆ 71 ಆಗುತ್ತದೆ. ಪೋಸ್ಟ್‌ಗ್ರೆಸ್ ಒಂದು ಸೂಚನೆ ಕೊಟ್ಟು ಕೊನೆಯ ‘ಗಳು’ವನ್ನು ಕತ್ತರಿಸಿ ಏಕವಚನವನ್ನೇ ಕ್ಯಾಟಲಾಗ್‌ನಲ್ಲಿ ಬರೆದುಕೊಳ್ಳುತ್ತದೆ.